ಕುಳಿಯ ಗಡಿಯಾರ, ನಕ್ಷತ್ರಗಳ ಗಡಿಯಾರ

ದೂರದ ಗೆಲಾಕ್ಸಿಯೊಂದರ ನಡುವೆ ಕಪ್ಪುಕುಳಿ ಬೆಳೆಯುವುದಕ್ಕೂ ಅದೇ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಹುಟ್ಟುವುದಕ್ಕೂ ಏನಾದರೂ ನಂಟಿದೆಯೇ ಎಂದು ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಯಾವುದನ್ನು ಹಿಡಿದು ಯಾವುದರ ಸರಾಸರಿ ತೆಗೆದಿರಿ? ಇದು ಜಾರಿಕೊಳ್ಳುವ ಮಾತಲ್ಲ. ಒಂದೇ ಗೆಲಾಕ್ಸಿಗಳ ಪಟ್ಟಿಯಿಂದ ‘ಗಟ್ಟಿ ನಂಟಿದೆ’ ಎಂದೂ ತೋರಿಸಬಹುದು, ‘ಏನೇನೂ ಇಲ್ಲ’ ಎಂದೂ ತೋರಿಸಬಹುದು. ಎರಡೂ ಪ್ರಾಮಾಣಿಕ ಲೆಕ್ಕಗಳೇ.

ನಂಟು ಇರಲೇಬೇಕು ಎಂಬ ಗುಮಾನಿಗೆ ಎರಡು ಕಾರಣಗಳಿವೆ. 2000ನೇ ಇಸವಿಯಲ್ಲಿ ಫೆರಾರೀಸ್ ಮತ್ತು ಮೆರಿಟ್ ಅವರ ತಂಡ, ಗೆಬ್‌ಹಾರ್ಟ್ ಮತ್ತು ಸಂಗಡಿಗರ ತಂಡ, ಬೇರೆ ಬೇರೆಯಾಗಿ ಒಂದೇ ಮಾತನ್ನು ಹೇಳಿದವು: ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ಎಷ್ಟು ವೇಗದಲ್ಲಿ ಅಡ್ಡಾದಿಡ್ಡಿ ಓಡಾಡುತ್ತಿವೆ ಎಂದು ಗೊತ್ತಾದರೆ ಅಲ್ಲಿನ ಕಪ್ಪುಕುಳಿಯ ತೂಕವನ್ನು ಸುಮಾರಾಗಿ ಹೇಳಿಬಿಡಬಹುದು. ಇದು ಆಶ್ಚರ್ಯದ ಸಂಗತಿ. ಹತ್ತು ಕೋಟಿ ಸೂರ್ಯರ ತೂಕದ ಕುಳಿಯ ಗುರುತ್ವ ಮೇಲುಗೈ ಸಾಧಿಸುವುದು ಹೆಚ್ಚೆಂದರೆ 35 ಜ್ಯೋತಿರ್ವರ್ಷಗಳವರೆಗೆ. ಅದರಾಚೆ, ಸಾವಿರಾರು ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ನಡುವೆ ಕುಳಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ಕುಳಿಯ ಲೆಕ್ಕವೂ ನಕ್ಷತ್ರಗಳ ಲೆಕ್ಕವೂ ತಾಳೆಯಾಗುತ್ತವೆ.

ಎರಡನೆಯ ಕಾರಣ ವಿಶ್ವದ ಇತಿಹಾಸ. ನಕ್ಷತ್ರಗಳ ಹುಟ್ಟು ಜೋರಾಗಿದ್ದುದು ಸುಮಾರು 1000 ಕೋಟಿ ವರ್ಷಗಳ ಹಿಂದೆ. ಆಮೇಲೆ ಇಳಿಯುತ್ತಾ ಬಂದು ಈಗ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಾಗಿದೆ. ಕಪ್ಪುಕುಳಿಗಳ ಬೆಳವಣಿಗೆಯ ಗೆರೆ ಎಳೆದರೂ ಅದೇ ಏರು, ಅದೇ ಇಳಿತ. ಅಂದರೆ ಇಡೀ ವಿಶ್ವವನ್ನು ಒಟ್ಟು ಹಾಕಿದಾಗ ಎರಡೂ ಜೊತೆಜೊತೆಗೆ ನಡೆದಿವೆ. ಬಿಡಿ ಗೆಲಾಕ್ಸಿಗಳಿಗೆ ಇಳಿದಾಗ ಮಾತ್ರ ಜೊತೆ ತಪ್ಪುತ್ತದೆ.

ಎಕ್ಸ್-ಕಿರಣದ ಪಟ್ಟಿಗಳನ್ನೂ ಅವಕೆಂಪಿನ ನಕ್ಷೆಗಳನ್ನೂ ಒಂದಕ್ಕೊಂದು ಹೊಂದಿಸುತ್ತಾ ಬಹಳ ಕಾಲ ಕಳೆದವನು ನಾನು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿದ್ದೇನೆ.

1. ಎರಡು ಗಡಿಯಾರಗಳನ್ನು ಮೊದಲು ಗೋಡೆಗೆ ತೂಗುಹಾಕಿ

ನಕ್ಷತ್ರ ಹುಟ್ಟುವುದನ್ನು ಯಾರೂ ಎಣಿಸುವುದಿಲ್ಲ. ಹೊಸದಾಗಿ ಹುಟ್ಟಿದ ಭಾರಿ ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲಿನ ದೂಳನ್ನು ಕಾಯಿಸುತ್ತದೆ, ಕಾದ ದೂಳು ಅವಕೆಂಪಿನಲ್ಲಿ ಹೊಳೆಯುತ್ತದೆ, ಆ ಹೊಳಪಿನಿಂದ ನಾವು ‘ವರ್ಷಕ್ಕೆ ಇಷ್ಟು ಸೂರ್ಯರಷ್ಟು’ ಎಂದು ದರ ಕಟ್ಟುತ್ತೇವೆ. ಈ ಅಳತೆಯಲ್ಲಿ ಕಳೆದ ಹತ್ತು ಕೋಟಿ ವರ್ಷಗಳ ಸಂಗತಿಯೆಲ್ಲ ಕಲಸಿಹೋಗಿರುತ್ತದೆ. ಜಲಜನಕದ ಎಚ್-ಆಲ್ಫಾ ರೇಖೆ ಹಿಡಿದರೆ ಅದು ಒಂದು ಕೋಟಿ ವರ್ಷದ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಚುರುಕಾದ ಗಡಿಯಾರ ದೂರದ ಗೆಲಾಕ್ಸಿಗಳಿಗೆ ನಮ್ಮ ಬಳಿ ಇಲ್ಲ.

ಕುಳಿಯ ಕಡೆಯ ಗಡಿಯಾರವೇ ಬೇರೆ. ಒಳಗೆ ಬೀಳುವ ಅನಿಲ ಹೊಮ್ಮಿಸುವ ಎಕ್ಸ್-ಕಿರಣ ಹೊರಡುವುದು ಬೆಳಕು ಕೆಲವೇ ಗಂಟೆಗಳಲ್ಲಿ ದಾಟುವಷ್ಟು ಪುಟ್ಟ ಜಾಗದಿಂದ. ಅದು ಹೇಳುವುದು ಆ ಕ್ಷಣದ ಸುದ್ದಿ. ವಾರ, ತಿಂಗಳುಗಳಲ್ಲಿ ಮಿನುಗುವ ಗೆಲಾಕ್ಸಿ ಕೇಂದ್ರಗಳನ್ನು ನಮ್ಮವರೇ ನೋಡುತ್ತಾರೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ನಡೆಸುತ್ತಾ ಇಂಥ ಏರಿಳಿತಗಳನ್ನು ಹಿಂಬಾಲಿಸುವುದು ಹಳೆಯ ರೂಢಿ. ಅದಕ್ಕಿಂತ ದೊಡ್ಡ ಏರಿಳಿತಗಳು ಸಾವಿರ, ಲಕ್ಷ ವರ್ಷಗಳಲ್ಲಿ ನಡೆಯುತ್ತವೆ. ಅವನ್ನು ಕಾದು ನೋಡಲಾಗದು. ಆದರೆ ಅವು ಬಿಟ್ಟುಹೋದ ಗುರುತು ಸಿಗುತ್ತದೆ. 2007ರಲ್ಲಿ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ‘ಗೆಲಾಕ್ಸಿ ಝೂ’ ಯೋಜನೆಯ ಚಿತ್ರಗಳನ್ನು ವಿಂಗಡಿಸುತ್ತಿದ್ದಾಗ ಐಸಿ 2497 ಎಂಬ ಗೆಲಾಕ್ಸಿಯ ಪಕ್ಕದಲ್ಲಿ ವಿಚಿತ್ರವಾದೊಂದು ಹೊಳೆಯುವ ಮೋಡವನ್ನು ಕಂಡರು. ಮೋಡವನ್ನು ಬೆಳಗಿಸಲು ಒಂದು ಕ್ವೇಸಾರ್, ಅಂದರೆ ಭರದಿಂದ ಉಣ್ಣುತ್ತಾ ಉಜ್ವಲವಾಗಿ ಹೊಳೆಯುವ ಕುಳಿ, ಬೇಕು. ಗೆಲಾಕ್ಸಿಯ ನಡುವೆ ನೋಡಿದರೆ ಕ್ವೇಸಾರ್ ಇಲ್ಲ, ಆರಿದೆ. ಅದು ಉರಿಯುತ್ತಿದ್ದಾಗ ಹೊರಟ ಬೆಳಕು ಮೋಡವನ್ನು ತಲುಪಿ ನಮ್ಮ ಕಡೆ ತಿರುಗುವಷ್ಟರಲ್ಲಿ ಮೂಲವೇ ಮಂಕಾಗಿತ್ತು. ಒಂದೆರಡು ಲಕ್ಷ ವರ್ಷದೊಳಗಿನ ಕಥೆ ಇದು. ಅಷ್ಟು ಹೊತ್ತಿನಲ್ಲಿ ಅವಕೆಂಪಿನ ಗಡಿಯಾರದ ಮುಳ್ಳು ಅಲುಗುವುದೂ ಇಲ್ಲ.

ಹತ್ತು ಕೋಟಿ ವರ್ಷದ ಸರಾಸರಿಯನ್ನು ಒಂದು ಕ್ಷಣದ ಎದುರು ಇಟ್ಟು ಚುಕ್ಕಿ ಹಾಕಿದರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಚೆಲ್ಲಾಪಿಲ್ಲಿಯಾದುದರಿಂದ ನಂಟಿಲ್ಲ ಎಂಬ ತೀರ್ಮಾನಕ್ಕೆ ಹಾರಬೇಡಿ.

2. ಯಾವ ಅಕ್ಷದ ಮೇಲೆ ಗುಂಪು ಕಟ್ಟಿದಿರಿ ಎಂಬುದರಲ್ಲೇ ಅರ್ಧ ಉತ್ತರವಿದೆ

ಇದು ನನ್ನ ಮಟ್ಟಿಗೆ ಈ ಕಸುಬಿನ ತಿರುಳು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

2012ರ ಹೊತ್ತಿಗೆ ಹರ್ಷಲ್ ಬಾಹ್ಯಾಕಾಶ ದೂರದರ್ಶಕದ ಅವಕೆಂಪು ಮಾಹಿತಿ ಕೈಗೆ ಬಂದಿತ್ತು. ರೊಸಾರಿಯೊ ಮತ್ತು ಸಂಗಡಿಗರು ಸಕ್ರಿಯ ಕುಳಿಗಳನ್ನು ಎಕ್ಸ್-ಕಿರಣದ ಹೊಳಪಿನ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನ ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟುವ ಸರಾಸರಿ ದರವನ್ನು ನೋಡಿದರು. ಗೆರೆ ಬಹುತೇಕ ಮಟ್ಟಸ. ಕುಳಿ ಹತ್ತು ಪಟ್ಟು ಹೊಳೆದರೂ ನಕ್ಷತ್ರಗಳ ಹುಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದೇ ವರ್ಷ ಮಲ್ಲೇನಿ ಮತ್ತು ಸಂಗಡಿಗರು, ಮರುವರ್ಷ ಚೆನ್ ಮತ್ತು ಸಂಗಡಿಗರು, ತಿರುವುಮುರುವು ಮಾಡಿದರು: ಮೊದಲು ಗೆಲಾಕ್ಸಿಗಳನ್ನು ಹಿಡಿದರು, ಒಂದೊಂದು ಗುಂಪಿನ ಕುಳಿಗಳ ಬೆಳವಣಿಗೆಯ ಸರಾಸರಿ ತೆಗೆದರು, ಹೊಳೆಯುವುದನ್ನೂ ಹೊಳೆಯದೆ ಇರುವುದನ್ನೂ ಸೇರಿಸಿ. ಈಗ ನೆಟ್ಟಗೆ ಏರುವ ಗೆರೆ. ಹುಟ್ಟುವ ನಕ್ಷತ್ರಗಳ ಪ್ರತಿ ಸಾವಿರದಿಂದ ಕೆಲವು ಸಾವಿರ ಸೂರ್ಯರಾಶಿಗೆ ಒಂದು ಸೂರ್ಯರಾಶಿ ಕುಳಿಯ ಪಾಲು.

ಆಗುಂಬೆ ಮತ್ತು ಚಿತ್ರದುರ್ಗವನ್ನು ನೆನೆಯಿರಿ. ಯಾವುದೋ ಒಂದು ಮಧ್ಯಾಹ್ನ ‘ಈಗ ಎಲ್ಲೆಲ್ಲಿ ಜಡಿಮಳೆ ಸುರಿಯುತ್ತಿದೆ’ ಎಂದು ಊರುಗಳನ್ನು ಆರಿಸಿ, ಆ ಊರುಗಳ ಕಾಡೆಷ್ಟು ದಟ್ಟ ಎಂದು ಅಳೆದರೆ ಮಳೆಗೂ ಕಾಡಿಗೂ ಸಂಬಂಧವಿರುವುದು ಅಷ್ಟಾಗಿ ಕಾಣದು. ಆ ಗಳಿಗೆ ಚಿತ್ರದುರ್ಗದಲ್ಲಿ ಗುಡುಗು ಮಳೆ, ಆಗುಂಬೆಯಲ್ಲಿ ಬಿಸಿಲು ಇದ್ದಿರಬಹುದು. ಕಾಡಿನ ದಟ್ಟಣೆಯ ಪ್ರಕಾರ ಊರುಗಳನ್ನು ಗುಂಪು ಮಾಡಿ ವರ್ಷವಿಡೀ ಮಳೆಯ ಲೆಕ್ಕ ಕೂಡಿಸಿದರೆ ಸಂಬಂಧ ಎದ್ದು ಕಾಣುತ್ತದೆ. ಮಳೆಯೂ ಅದೇ, ಕಾಡೂ ಅದೇ.

2014ರಲ್ಲಿ ಹಿಕಾಕ್ಸ್ ಮತ್ತು ಸಂಗಡಿಗರು ಇದನ್ನೇ ಒಂದು ಸರಳ ಮಾದರಿಯಾಗಿ ಬರೆದರು. ಹೊಸ ವಿದ್ಯಾರ್ಥಿ ಬಂದರೆ ನಾನು ಕೊಡುವ ಮೊದಲ ಕೆಲಸ ಅದನ್ನು ತಾನೇ ಮಾಡಿ ನೋಡುವುದು. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಕಂಪ್ಯೂಟರಿನಲ್ಲಿ ಒಂದಷ್ಟು ಸಾವಿರ ಗೆಲಾಕ್ಸಿಗಳನ್ನು ಹುಟ್ಟಿಸಿ, ಪ್ರತಿಯೊಂದಕ್ಕೂ ಒಂದು ನಕ್ಷತ್ರದರ ಕೊಡಿ. ಅದರ ಮೂರು ಸಾವಿರದಲ್ಲೊಂದು ಪಾಲನ್ನು ಕುಳಿಯ ದೀರ್ಘಕಾಲದ ಸರಾಸರಿ ಊಟ ಎಂದು ಕಡ್ಡಾಯವಾಗಿ ನಿಗದಿ ಮಾಡಿ. ಅಂದರೆ ನಂಟು ನೂರಕ್ಕೆ ನೂರು ಇದೆ, ನಾವೇ ಇಟ್ಟಿದ್ದೇವೆ. ಈಗ ಈ ಕ್ಷಣದ ಊಟವನ್ನು ಆ ಸರಾಸರಿಯ ಸುತ್ತ ಸಾವಿರಾರು ಪಟ್ಟು ಏರಿಳಿಯುವಂತೆ ಯಾದೃಚ್ಛಿಕವಾಗಿ ಬದಲಿಸಿ. ಹೆಚ್ಚು ಹೊತ್ತು ಮಂಕು, ಅಪರೂಪಕ್ಕೆ ಉಜ್ವಲ. ಆಮೇಲೆ ಎರಡೂ ಬಗೆಯಲ್ಲಿ ಗುಂಪು ಕಟ್ಟಿ. ಕುಳಿಯ ಹೊಳಪಿನ ಪ್ರಕಾರ ಗುಂಪು ಮಾಡಿದರೆ ಮಟ್ಟಸ ಗೆರೆ, ತೀರಾ ಹೊಳೆಯುವ ತುದಿಯಲ್ಲಿ ಮಾತ್ರ ತುಸು ಏರು. ನಕ್ಷತ್ರದರದ ಪ್ರಕಾರ ಗುಂಪು ಮಾಡಿದರೆ ನೆಟ್ಟಗಿನ ಏರು. ತಾನೇ ಬಚ್ಚಿಟ್ಟ ಸಂಬಂಧ ತನ್ನ ಕಣ್ಣೆದುರೇ ಮಾಯವಾಗುವುದನ್ನು ಕಂಡ ವಿದ್ಯಾರ್ಥಿಗೆ ನಾನು ಮತ್ತೆ ಉಪನ್ಯಾಸ ಕೊಡಬೇಕಾಗಿ ಬಂದಿಲ್ಲ.

ಒಂದು ಎಚ್ಚರಿಕೆ. ಈ ಮಾದರಿ ಮಾಹಿತಿಗೆ ಹೊಂದುತ್ತದೆ ಎಂದರೆ ಹೀಗೂ ಇರಬಹುದು ಎಂದರ್ಥ. ಹೀಗೇ ಇದೆ ಎಂದು ಸಾಧಿಸಿದಂತಾಗಲಿಲ್ಲ. ಏರಿಳಿತದ ಆಕಾರವನ್ನು ನಾವೇ ಊಹಿಸಿ ಹಾಕಿದ್ದೇವೆ.

3. ಕಿಟಕಿ ಚಿಕ್ಕದಾಗಿದ್ದರೆ ದೊಡ್ಡ ಪ್ರಾಣಿಗಳ ಬಗ್ಗೆ ಮಾತಾಡಬೇಡಿ

2012ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪೇಜ್ ಮತ್ತು ಸಂಗಡಿಗರ ಪ್ರಬಂಧ ಬಂತು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಉತ್ತರ ಆಳಕ್ಷೇತ್ರದಲ್ಲಿ, ಅಂದರೆ ಚಂದ್ರ ಎಕ್ಸ್-ಕಿರಣ ದೂರದರ್ಶಕ ಬಹಳ ಹೊತ್ತು ದಿಟ್ಟಿಸಿ ನೋಡಿದ ಆಕಾಶದ ತುಣುಕಿನಲ್ಲಿ, ಅತ್ಯಂತ ಉಜ್ವಲ ಕುಳಿಗಳಿರುವ ಗೆಲಾಕ್ಸಿಗಳನ್ನು ಹರ್ಷಲ್‌ನ ನಕ್ಷೆಯಲ್ಲಿ ಹುಡುಕಿದರೆ ಅವಕೆಂಪಿನ ಸುಳಿವೇ ಇಲ್ಲ. ಆದ್ದರಿಂದ ಬಲಿಷ್ಠ ಕುಳಿಗಳು ನಕ್ಷತ್ರಗಳ ಹುಟ್ಟನ್ನು ಅಡಗಿಸುತ್ತವೆ ಎಂಬುದು ವಾದ. ಸಿದ್ಧಾಂತದವರು ಬಹುಕಾಲದಿಂದ ಕಾಯುತ್ತಿದ್ದ ಸುದ್ದಿ. ಅದೇ ವರ್ಷ ಮುಗಿಯುವ ಮೊದಲು ಹ್ಯಾರಿಸನ್ ಮತ್ತು ಸಂಗಡಿಗರು ಅದೇ ಕ್ಷೇತ್ರದ ಜೊತೆಗೆ ದಕ್ಷಿಣದ ಆಳಕ್ಷೇತ್ರವನ್ನೂ ಕಾಸ್ಮಾಸ್ ಎಂಬ ಅಗಲ ಕ್ಷೇತ್ರವನ್ನೂ ಸೇರಿಸಿಕೊಂಡರು. ಉತ್ತರ ಕ್ಷೇತ್ರದಲ್ಲಿ ಪೇಜ್ ಕಂಡದ್ದು ಅವರಿಗೂ ಕಂಡಿತು. ಉಳಿದ ಕಡೆ ಅಂಥದ್ದೇನೂ ಇರಲಿಲ್ಲ.

ಯಾರ ಅಳತೆಯೂ ತಪ್ಪಾಗಿರಲಿಲ್ಲ. ಉತ್ತರ ಆಳಕ್ಷೇತ್ರದ ವಿಸ್ತಾರ ಹುಣ್ಣಿಮೆ ಚಂದ್ರ ಮುಚ್ಚುವಷ್ಟು ಆಕಾಶಕ್ಕಿಂತ ಕಡಿಮೆ. ಕಾಸ್ಮಾಸ್ ಎರಡು ಚದರ ಡಿಗ್ರಿ, ಅಂದರೆ ಹತ್ತು ಚಂದ್ರರಷ್ಟು. ಉಜ್ವಲ ಕುಳಿಗಳು ಅಪರೂಪ. ಪುಟ್ಟ ಕಿಟಕಿಯಲ್ಲಿ ಬೆರಳೆಣಿಕೆಯಷ್ಟು ಸಿಗುತ್ತವೆ, ಅವುಗಳಲ್ಲಿ ಕೆಲವು ಅತ್ತಿತ್ತ ವಾಲಿದರೂ ಸರಾಸರಿ ವಾಲುತ್ತದೆ. ಆಳಕ್ಷೇತ್ರ ಮಂಕು ಕುಳಿಗಳಿಗೆ, ಅಗಲ ಕ್ಷೇತ್ರ ಉಜ್ವಲ ಕುಳಿಗಳಿಗೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೂ ಕೈಯಲ್ಲಿರುವ ಮಾಹಿತಿ ಯಾವುದೋ ಅದರಲ್ಲೇ ಎಲ್ಲ ಪ್ರಶ್ನೆಗೂ ಉತ್ತರ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ.

4. ಎಕ್ಸ್-ಕಿರಣ ಬಂದದ್ದೆಲ್ಲ ಕುಳಿಯಿಂದಲೇ ಅಲ್ಲ

ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರ ಎಕ್ಸ್-ಕಿರಣ ದೂರದರ್ಶಕ 1999ರ ಜುಲೈನಲ್ಲಿ ಮೇಲೇರಿತು. ಅದು ದಕ್ಷಿಣದ ಆಳಕ್ಷೇತ್ರವೊಂದನ್ನೇ ಒಟ್ಟು 70 ಲಕ್ಷ ಸೆಕೆಂಡು, ಅಂದರೆ ಕಣ್ಣು ಮಿಟುಕಿಸದೆ 81 ದಿನ ನೋಡಿದಷ್ಟು, ಹಲವು ವರ್ಷಗಳಲ್ಲಿ ಹಂಚಿಕೊಂಡು ನೋಡಿದೆ. 2017ರಲ್ಲಿ ಬಂದ ಅದರ ಪಟ್ಟಿಯಲ್ಲಿ ಸಾವಿರಕ್ಕೆ ಮೀರಿದ ಮೂಲಗಳಿವೆ. ಇಷ್ಟು ಆಳಕ್ಕೆ ಹೋದಾಗ ಬರಿಯ ಗೆಲಾಕ್ಸಿಗಳೂ ಕಾಣತೊಡಗುತ್ತವೆ. ಭಾರಿ ನಕ್ಷತ್ರ ಸತ್ತು ಉಳಿದ ನ್ಯೂಟ್ರಾನ್ ನಕ್ಷತ್ರವೋ ಪುಟ್ಟ ಕಪ್ಪುಕುಳಿಯೋ ತನ್ನ ಜೊತೆಗಾರ ನಕ್ಷತ್ರದಿಂದ ಅನಿಲ ಸೆಳೆಯುವಾಗಲೂ ಎಕ್ಸ್-ಕಿರಣ ಹೊಮ್ಮುತ್ತದೆ. ಇಂಥ ಜೋಡಿಗಳು ನಕ್ಷತ್ರ ಹುಟ್ಟುವ ದರಕ್ಕೆ ತಕ್ಕಂತೆ ಹೆಚ್ಚುತ್ತವೆ.

ರೂಢಿಯಲ್ಲಿ ಸೆಕೆಂಡಿಗೆ 10⁴² ಅರ್ಗ್‌ಗಿಂತ ಹೆಚ್ಚಿದ್ದರೆ ನಡುವಿನ ದೊಡ್ಡ ಕುಳಿಯದೇ ಕೆಲಸ ಎಂದು ಗೆರೆ ಹಾಕುತ್ತಾರೆ. ವರ್ಷಕ್ಕೆ 300 ಸೂರ್ಯರಾಶಿ ನಕ್ಷತ್ರ ಹುಟ್ಟಿಸುವ ಗೆಲಾಕ್ಸಿ, ದೊಡ್ಡ ಕುಳಿ ನಿದ್ದೆ ಹೊಡೆಯುತ್ತಿದ್ದರೂ, ಬರೀ ಆ ಜೋಡಿಗಳಿಂದಲೇ ಆ ಗೆರೆಯನ್ನು ಮುಟ್ಟುತ್ತದೆ. 1000 ಕೋಟಿ ವರ್ಷಗಳ ಹಿಂದೆ ಅಂಥ ಗೆಲಾಕ್ಸಿಗಳು ದುರ್ಲಭವಲ್ಲ. ಈ ಪಾಲನ್ನು ಕಳೆಯದೆ ನಕ್ಷತ್ರದರಕ್ಕೂ ಎಕ್ಸ್-ಕಿರಣಕ್ಕೂ ಚಂದದ ನಂಟು ಸಿಕ್ಕಿತೆಂದು ಕುಣಿದರೆ, ಸಿಕ್ಕಿದ್ದು ನಕ್ಷತ್ರಕ್ಕೂ ನಕ್ಷತ್ರಕ್ಕೂ ಇರುವ ನಂಟು.

5. ದೂಳನ್ನು ಕಾಯಿಸಿದವರು ಯಾರು ಎಂದು ಕೇಳಿ

ಇದು ಮೇಲಿನದರ ತಿರುಗುಮುರುಗು. ಕುಳಿಯ ಸುತ್ತಲಿನ ದೂಳೂ ಕಾಯುತ್ತದೆ, ಅದೂ ಅವಕೆಂಪಿನಲ್ಲಿ ಹೊಳೆಯುತ್ತದೆ. ಅದೃಷ್ಟಕ್ಕೆ ಎರಡರ ಬಿಸಿ ಬೇರೆ. ಕುಳಿಯ ಬಳಿಯ ದೂಳು ಹೆಚ್ಚು ಬಿಸಿ, ಹಾಗಾಗಿ ಮಧ್ಯ ಅವಕೆಂಪಿನಲ್ಲಿ ಜೋರು. ನಕ್ಷತ್ರಗಳು ಕಾಯಿಸಿದ ದೂಳು ತಣ್ಣಗೆ, 100 ಮೈಕ್ರಾನಿನ ಸುತ್ತ ಅದರ ಶಿಖರ. ರೆಡ್‌ಶಿಫ್ಟ್ 2ರಲ್ಲಿರುವ, ಅಂದರೆ ವಿಶ್ವದ ಹಿಗ್ಗುವಿಕೆಯಿಂದ ಬೆಳಕಿನ ಅಲೆ ಮೂರು ಪಟ್ಟು ಉದ್ದವಾಗುವಷ್ಟು ದೂರದಲ್ಲಿರುವ, ಗೆಲಾಕ್ಸಿಯ ಆ ಶಿಖರ ಹಿಗ್ಗಿ 300 ಮೈಕ್ರಾನಿನಲ್ಲಿ ನಮ್ಮನ್ನು ತಲುಪುತ್ತದೆ. ಹರ್ಷಲ್‌ನ 250, 350, 500 ಮೈಕ್ರಾನ್ ಪಟ್ಟಿಗಳು ನಮಗೆ ವರವಾದದ್ದು ಇದಕ್ಕೇ. 2013ರ ಏಪ್ರಿಲ್ 29ರಂದು ಅದರ ಹೀಲಿಯಂ ಮುಗಿಯಿತು. ಆ ಅಲೆಯುದ್ದಗಳಲ್ಲಿ ಅಷ್ಟು ಅಗಲವಾಗಿ ಆಕಾಶ ನೋಡುವ ಬಾಹ್ಯಾಕಾಶ ಕಣ್ಣು ಆಮೇಲೆ ಬಂದಿಲ್ಲ. ಹಾಗಾಗಿ ಇಂದಿಗೂ ಹಳೆಯ ಆ ನಕ್ಷೆಗಳನ್ನೇ ಕೆರೆಯುತ್ತಿದ್ದೇವೆ.

ಕೆರೆಯುವಾಗ ನೆನಪಿಡಬೇಕಾದ್ದು ಅದರ ಮಸುಕು. 250 ಮೈಕ್ರಾನಿನಲ್ಲಿ ಹರ್ಷಲ್‌ಗೆ 18 ಆರ್ಕ್‌ಸೆಕೆಂಡಿಗಿಂತ ಹತ್ತಿರದ ಎರಡು ಮೂಲಗಳು ಒಂದಾಗಿ ಕಾಣುತ್ತವೆ; 500ರಲ್ಲಿ ಈ ಮಸುಕು ಇಮ್ಮಡಿ. ಚಂದ್ರದ ಹರಿತ ಅರ್ಧ ಆರ್ಕ್‌ಸೆಕೆಂಡು. ಹರ್ಷಲ್‌ನ ಒಂದು ಮಚ್ಚೆಯೊಳಗೆ ಎಕ್ಸ್-ಕಿರಣದ ಮೂಲವೂ ಅದರ ಪಕ್ಕದ ಬಡಪಾಯಿ ಗೆಲಾಕ್ಸಿಗಳೂ ಒಟ್ಟಿಗೆ ಕೂತಿರುತ್ತವೆ. ಇಡೀ ಮಚ್ಚೆಯ ಬೆಳಕನ್ನು ಕುಳಿಯಿರುವ ಗೆಲಾಕ್ಸಿಯ ಲೆಕ್ಕಕ್ಕೆ ಬರೆದರೆ ಅದು ಮಹಾ ನಕ್ಷತ್ರ ಕಾರ್ಖಾನೆಯಾಗಿಬಿಡುತ್ತದೆ. ಚಿಲಿಯ ಚಾಹ್‌ನಾಂಟೋರ್ ಬಯಲಿನಲ್ಲಿ, ಸಮುದ್ರಮಟ್ಟದಿಂದ 5000 ಮೀಟರ್ ಎತ್ತರದಲ್ಲಿ, ಆಲ್ಮಾದ 66 ಆಂಟೆನಾಗಳು ಕೆಲಸಕ್ಕೆ ಇಳಿದ ಮೇಲೆ ಇಂಥ ಎಷ್ಟೋ ಮಚ್ಚೆಗಳು ಎರಡಾಗಿ, ಮೂರಾಗಿ ಒಡೆದವು. ಆಲ್ಮಾದ ಸಮಯ ಸಿಗದಿದ್ದರೆ ಕನಿಷ್ಠ ಪಕ್ಷ ಹರಿತವಾದ ಬೇರೆ ಚಿತ್ರದಿಂದ ಗೆಲಾಕ್ಸಿಗಳ ಜಾಗ ಗುರುತಿಸಿ, ಮಚ್ಚೆಯ ಬೆಳಕನ್ನು ಅವುಗಳ ನಡುವೆ ಹಂಚಿ.

6. ಕಾಣದೆ ಹೋದವನ್ನು ಎಸೆಯಬೇಡಿ

ಪಟ್ಟಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿರುವ ಸಾಲುಗಳೇ ಹೆಚ್ಚು. ಅವನ್ನು ಅಳಿಸಿ ಉಳಿದವುಗಳ ಸರಾಸರಿ ತೆಗೆದರೆ ವಿಶ್ವ ತುಂಬ ಉಜ್ವಲವಾಗಿ ಕಾಣುತ್ತದೆ. ಗುಂಪಿನ ಎಲ್ಲ ಗೆಲಾಕ್ಸಿಗಳ ಜಾಗವನ್ನೂ ಕತ್ತರಿಸಿ ಒಂದರ ಮೇಲೊಂದು ಪೇರಿಸಿದರೆ, ಬಿಡಿಬಿಡಿಯಾಗಿ ಕಾಣದ್ದು ಒಟ್ಟಾಗಿ ಕಾಣುತ್ತದೆ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದಿಂದ 2020ರಲ್ಲಿ ಚೌಧುರಿ, ಕಾನೇಕರ್, ಚೆಂಗಲೂರು ಮತ್ತು ಸಂಗಡಿಗರು 7,653 ಗೆಲಾಕ್ಸಿಗಳ ಸಂಕೇತವನ್ನು ಹೀಗೆ ಪೇರಿಸಿ, ರೆಡ್‌ಶಿಫ್ಟ್ 1ರ ಸುತ್ತಮುತ್ತಲಿನ ಪರಮಾಣು ಜಲಜನಕವನ್ನು ತೂಗಿದರು. ಆ ಗೆಲಾಕ್ಸಿಗಳ ಉಗ್ರಾಣದಲ್ಲಿದ್ದ ಅನಿಲ ಅಂದಿನ ವೇಗದಲ್ಲಿ ನಕ್ಷತ್ರ ಹುಟ್ಟಿಸುತ್ತಾ ಹೋದರೆ ನೂರಿನ್ನೂರು ಕೋಟಿ ವರ್ಷಕ್ಕೇ ಮುಗಿಯುವಂಥದ್ದು. ನಕ್ಷತ್ರಗಳ ಹುಟ್ಟು ಆಮೇಲೆ ಇಳಿದದ್ದಕ್ಕೆ ಕಪ್ಪುಕುಳಿಯ ಹೆಸರೆತ್ತದೆಯೂ ಒಂದು ವಿವರಣೆ ಸಿಕ್ಕಿತು ಎಂಬುದನ್ನು ಗಮನಿಸಿ.

ಪೇರಿಸಿದ ಚಿತ್ರ ಸರಾಸರಿಯನ್ನಷ್ಟೇ ಹೇಳುತ್ತದೆ. ನೂರರಲ್ಲಿ ಎರಡು ಧಗಧಗಿಸಿ ಉಳಿದವು ಸತ್ತಂತಿದ್ದರೂ, ನೂರೂ ಮಂದವಾಗಿ ಹೊಳೆದರೂ, ಚಿತ್ರ ಒಂದೇ. ಕುಳಿಗಳ ವಿಷಯದಲ್ಲಿ ಈ ವ್ಯತ್ಯಾಸವೇ ಕಥೆಯಾದ್ದರಿಂದ, ಪೇರಿಸುವುದರ ಜೊತೆಗೆ ಹಂಚಿಕೆಯನ್ನೂ ಅಂದಾಜು ಮಾಡಲೇಬೇಕು.

7. ತೂಕವನ್ನು ಕಟ್ಟಿಹಾಕದೆ ನಂಟಿನ ಮಾತಾಡಬೇಡಿ

ದೊಡ್ಡ ಗೆಲಾಕ್ಸಿಯಲ್ಲಿ ನಕ್ಷತ್ರಗಳೂ ಹೆಚ್ಚು ಹುಟ್ಟುತ್ತವೆ, ಕುಳಿಯೂ ದೊಡ್ಡದು. ಎರಡೂ ತೂಕವನ್ನು ಹಿಂಬಾಲಿಸಿದರೆ ಸಾಕು, ತಮ್ಮತಮ್ಮಲ್ಲಿ ಮಾತೇ ಆಡದಿದ್ದರೂ ಅವು ಜೋಡಿಯಾಗಿ ಕಾಣುತ್ತವೆ. 2017ರಲ್ಲಿ ಯಾಂಗ್ ಮತ್ತು ಸಂಗಡಿಗರು ತೂಕವನ್ನೂ ನಕ್ಷತ್ರದರವನ್ನೂ ಬೇರೆ ಬೇರೆ ಹಿಡಿದು ನೋಡಿದಾಗ ಕುಳಿಯ ಬೆಳವಣಿಗೆ ಮುಖ್ಯವಾಗಿ ಅಂಟಿಕೊಂಡದ್ದು ತೂಕಕ್ಕೆ. ಅಲ್ಲಿಗೆ ಕಥೆ ಮುಗಿಯಿತು ಎನ್ನುವಷ್ಟರಲ್ಲಿ, 2019ರಲ್ಲಿ ಅವರೇ ಹಬಲ್ ಚಿತ್ರಗಳಿಂದ ಗೆಲಾಕ್ಸಿಗಳ ಆಕಾರ ನೋಡಿ, ಉಬ್ಬೇ ಪ್ರಧಾನವಾಗಿರುವವನ್ನು ಬೇರೆ ಮಾಡಿದರು. ಆ ಗುಂಪಿನಲ್ಲಿ ಕುಳಿಯ ಬೆಳವಣಿಗೆ ನಕ್ಷತ್ರದರಕ್ಕೇ ಕಚ್ಚಿಕೊಂಡಿತ್ತು.

ನನಗೆ ಈ ಎರಡನೆಯ ಫಲಿತಾಂಶ ಹೆಚ್ಚು ಇಷ್ಟ. ನೆರೆಯ ಗೆಲಾಕ್ಸಿಗಳಲ್ಲೂ ಕುಳಿಯ ತೂಕ ತಾಳೆಯಾಗುವುದು ನಡುವಿನ ಉಬ್ಬಿಗೇ ಹೊರತು ಹೊರಗಿನ ತಟ್ಟೆಗಲ್ಲ. ನಮ್ಮ ಆಕಾಶಗಂಗೆಯ ನಕ್ಷತ್ರಗಳು ಹುಟ್ಟುವುದು ಬಹುಪಾಲು ತಟ್ಟೆಯಲ್ಲಿ, ನಡುವಿನ 40 ಲಕ್ಷ ಸೂರ್ಯರ ತೂಕದ ಕುಳಿಗೆ ಅದರ ಗೊಡವೆಯಿಲ್ಲ. ತಟ್ಟೆಯಲ್ಲಿ ಹುಟ್ಟುವ ನಕ್ಷತ್ರಗಳನ್ನೂ ಒಟ್ಟು ಲೆಕ್ಕಕ್ಕೆ ಸುರಿದು ನಂಟು ಹುಡುಕುವುದೇ ನಮ್ಮ ಪ್ರಬಂಧಗಳ ಗೊಂದಲದ ಒಂದು ದೊಡ್ಡ ಪಾಲು ಎಂದು ನನ್ನ ಅನಿಸಿಕೆ.

8. ‘ಸಾಧ್ಯ’ ಮತ್ತು ‘ಆಯಿತು’ ನಡುವೆ ಬಹಳ ದೂರವಿದೆ

ಹತ್ತು ಕೋಟಿ ಸೂರ್ಯರ ತೂಕಕ್ಕೆ ಬೆಳೆಯುವಷ್ಟರಲ್ಲಿ ಕುಳಿಯೊಂದು ಹೊರಹಾಕುವ ಶಕ್ತಿಯನ್ನು, ತಿಂದದ್ದರ ಹತ್ತರಲ್ಲೊಂದು ಪಾಲು ಬೆಳಕಾಯಿತೆಂದು ಹಿಡಿದು, ಲೆಕ್ಕ ಹಾಕಿ. ಗೆಲಾಕ್ಸಿಯ ಉಬ್ಬನ್ನು ಕಟ್ಟಿಹಿಡಿದಿರುವ ಶಕ್ತಿಯ ನೂರಾರು ಪಟ್ಟು ಬರುತ್ತದೆ. ಅದರ ಚೂರು ಭಾಗ ಅನಿಲಕ್ಕೆ ತಾಗಿದರೂ ನಕ್ಷತ್ರಗಳ ಹುಟ್ಟನ್ನು ನಿಲ್ಲಿಸಲು ಸಾಕು. ಸಿಲ್ಕ್ ಮತ್ತು ರೀಸ್ 1998ರಲ್ಲಿ ಹಾಕಿದ ದಾರಿ ಇದು. ಆಕರ್ಷಕ ವಾದ. ಆದರೆ ಶಕ್ತಿ ಇದೆ ಎಂದ ಮಾತ್ರಕ್ಕೆ ತಾಗಿತು ಎಂದಾಗದು. ಬಹುಪಾಲು ಬೆಳಕು ಅನಿಲವನ್ನು ಸವರಿಕೊಂಡು ಹೊರಟೇ ಹೋಗುತ್ತದೆ.

ತಾಗಿರುವುದಕ್ಕೆ ನಿಚ್ಚಳ ಸಾಕ್ಷಿ ಇರುವುದು ಗೆಲಾಕ್ಸಿ ಗುಚ್ಛಗಳಲ್ಲಿ. ಪರ್ಸಿಯಸ್ ಗುಚ್ಛದ ನಡುವಿನ ಕುಳಿ ಚಿಮ್ಮಿಸಿದ ಧಾರೆಗಳು ಬಿಸಿ ಅನಿಲದಲ್ಲಿ ಗುಳ್ಳೆ ಎಬ್ಬಿಸಿವೆ. 2003ರಲ್ಲಿ ಚಂದ್ರದ ಚಿತ್ರದಲ್ಲಿ ಫೇಬಿಯನ್ ಮತ್ತು ಸಂಗಡಿಗರು ಕಂಡ ಅಲೆಗಳನ್ನು ಶಬ್ದದ ಅಲೆಗಳೆಂದು ಓದಿದರೆ ಆ ಸ್ವರ ಪಿಯಾನೋದ ನಡುವಿನ ಸ್ವರಕ್ಕಿಂತ 57 ಸಪ್ತಕ ಕೆಳಗೆ. ಅನಿಲ ತಣಿದು ನಕ್ಷತ್ರವಾಗದಂತೆ ಈ ಒದೆತ ತಡೆಯುತ್ತಿದೆ. ಆದರೆ ಅದು ನಮ್ಮ ಕಾಲಕ್ಕೆ ಹತ್ತಿರದ, ಆಗಲೇ ಮುಪ್ಪಾದ ಮಹಾ ಗೆಲಾಕ್ಸಿಯ ಪಾಡು. 1000 ಕೋಟಿ ವರ್ಷಗಳ ಹಿಂದಿನ ಅನಿಲಭರಿತ ತರುಣ ಗೆಲಾಕ್ಸಿಗೆ ಅದನ್ನೇ ಅಂಟಿಸಲು ಆಗದು. ಅಲ್ಲಿ ಸೆಕೆಂಡಿಗೆ ಸಾವಿರ ಕಿಲೋಮೀಟರ್ ವೇಗದ ಅನಿಲಗಾಳಿ ಬೀಸುವುದು ರೋಹಿತದಲ್ಲಿ ಕಾಣುತ್ತದೆ, ನಿಜ. ಎಷ್ಟು ಅನಿಲ ಹೋಯಿತು, ಹೋದದ್ದು ಮರಳಿ ಬಿತ್ತೇ ಎಂಬುದು ರೇಖೆಯ ಅಗಲದಿಂದ ತಿಳಿಯುವುದಿಲ್ಲ.

ಸಿಮ್ಯುಲೇಶನ್ ತೋರಿಸಿ ವಾದ ಮುಗಿಸುವವರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ. ಇಲಸ್ಟ್ರಿಸ್ ಟಿಎನ್‌ಜಿ, ಈಗಲ್ ಮುಂತಾದವು ಅದ್ಭುತ ಕೆಲಸಗಳು. ಆದರೆ ಕುಳಿಯ ಒದೆತವಿಲ್ಲದೆ ಅವುಗಳ ದೊಡ್ಡ ಗೆಲಾಕ್ಸಿಗಳು ಅತಿಯಾಗಿ ಕೊಬ್ಬುತ್ತವೆಂದೇ ಆ ಒದೆತವನ್ನು ಒಳಗೆ ಇಟ್ಟು, ಇಂದಿನ ಗೆಲಾಕ್ಸಿಗಳಿಗೆ ಹೊಂದುವಂತೆ ತಿರುಪು ತಿರುಗಿಸಿದ್ದಾರೆ. ಇಟ್ಟದ್ದನ್ನೇ ಹೊರತೆಗೆದು ಪುರಾವೆ ಎಂದರೆ ಹೇಗೆ?

9. ಹೊಸ ಕುಳಿಗಳ ತೂಕವನ್ನು ಎರಡು ಕಾಲಂಗಳಲ್ಲಿ ಬರೆಯಿರಿ

2021ರ ಕ್ರಿಸ್‌ಮಸ್ ದಿನ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಈ ಕಸುಬಿನ ಹಳೆಯ ಗೆರೆಗಳನ್ನೆಲ್ಲ ಅಲುಗಿಸಿದೆ. ಯುಎಚ್‌ಝೆಡ್1 ಎಂಬ ಗೆಲಾಕ್ಸಿಯನ್ನು ತೆಗೆದುಕೊಳ್ಳಿ. ಏಬೆಲ್ 2744 ಗುಚ್ಛದ ಗುರುತ್ವ ಮಸೂರದ ಹಿಂದೆ, ರೆಡ್‌ಶಿಫ್ಟ್ 10ರ ಬಳಿ, ಮಹಾಸ್ಫೋಟವಾಗಿ 47 ಕೋಟಿ ವರ್ಷ ಆಗಿದ್ದಾಗಿನದು. ಚಂದ್ರಕ್ಕೆ ಅಲ್ಲಿಂದ ಎಕ್ಸ್-ಕಿರಣ ಸಿಕ್ಕಿದೆ. ಕುಳಿಯ ತೂಕದ ಅಂದಾಜು ಕೋಟಿಗಳಲ್ಲಿ, ಗೆಲಾಕ್ಸಿಯ ನಕ್ಷತ್ರಗಳ ಒಟ್ಟು ತೂಕವೂ ಹೆಚ್ಚುಕಡಿಮೆ ಅದೇ ಅಳತೆಯದು. ನಮ್ಮ ನೆರೆಹೊರೆಯಲ್ಲಿ ಕುಳಿ ಉಬ್ಬಿನ ಇನ್ನೂರರಿಂದ ಸಾವಿರದಲ್ಲೊಂದು ಪಾಲು ಎಂಬುದನ್ನು ಇದರ ಪಕ್ಕದಲ್ಲಿಡಿ.

ಕಾಲದ ಲೆಕ್ಕವೂ ಇಕ್ಕಟ್ಟಿನದು. ಬೆಳಕಿನ ಒತ್ತಡ ಅನುಮತಿಸುವ ಗರಿಷ್ಠ ವೇಗದಲ್ಲಿ ಉಂಡರೆ ಕುಳಿಯ ತೂಕ ಸುಮಾರು 5 ಕೋಟಿ ವರ್ಷಕ್ಕೊಮ್ಮೆ 2.7 ಪಟ್ಟಾಗುತ್ತದೆ. ಸತ್ತ ನಕ್ಷತ್ರದಿಂದ ಉಳಿದ 100 ಸೂರ್ಯರ ತೂಕದ ಬೀಜ ನಾಲ್ಕು ಕೋಟಿ ಸೂರ್ಯರಷ್ಟಾಗಲು ಒಂದು ಹೊತ್ತೂ ಊಟ ತಪ್ಪದಿದ್ದರೂ 60 ಕೋಟಿ ವರ್ಷ ಮೀರಿ ಬೇಕು. ವಿಶ್ವಕ್ಕೇ ಆಗ ಅಷ್ಟು ವಯಸ್ಸಾಗಿರಲಿಲ್ಲ. ಅನಿಲದ ಮೋಡವೇ ನೇರವಾಗಿ ಕುಸಿದು ಹತ್ತು ಸಾವಿರ, ಲಕ್ಷ ಸೂರ್ಯರ ತೂಕದ ಬೀಜವಾಗಿ ಹುಟ್ಟಿದ್ದರೆ ಸಮಯ ಸಾಕಾಗುತ್ತದೆ. ಕೊಯಮತ್ತೂರಿನಲ್ಲಿ ಹುಟ್ಟಿದ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು ಇಂಥ ಬೀಜದಿಂದ ಬಂದ, ಕುಳಿಯೇ ಭಾರವಾದ ಗೆಲಾಕ್ಸಿ ವೆಬ್‌ಗೆ ಹೇಗೆ ಕಾಣಬಹುದೆಂದು 2017ರಲ್ಲೇ ಲೆಕ್ಕ ಹಾಕಿಟ್ಟಿದ್ದರು. ಹಾಗಿದ್ದಲ್ಲಿ ಅಲ್ಲಿ ಕುಳಿ ಮೊದಲು ಬಂದು, ನಕ್ಷತ್ರಗಳು ಆಮೇಲೆ ಅದರ ಸಮಕ್ಕೆ ಏರಿದವು ಎಂದಾಯಿತು.

ಆದರೆ ಇಲ್ಲಿ ನಿಲ್ಲಿ. ದೂರದಲ್ಲಿ ಕಣ್ಣಿಗೆ ಬೀಳುವುದು ಹೊಳೆಯುವ ಕುಳಿಗಳು ಮಾತ್ರ. ಹೊಳೆಯುವವುಗಳಲ್ಲಿ ತಮ್ಮ ಗೆಲಾಕ್ಸಿಗೆ ಮೀರಿ ಭಾರವಾದವೇ ಹೆಚ್ಚು. ಲೌವರ್ ಮತ್ತು ಸಂಗಡಿಗರು 2007ರಲ್ಲೇ ಈ ಓರೆಯನ್ನು ವಿವರಿಸಿದ್ದಾರೆ. ಇದರ ಜೊತೆಗೆ ವೆಬ್ ಕಂಡ ಪುಟ್ಟ ಕೆಂಪು ಚುಕ್ಕಿಗಳ ಸಂತೆ ಬೇರೆ. ಅವುಗಳ ರೋಹಿತದಲ್ಲಿ ಕುಳಿಯ ಸಹಿಯಾದ ಅಗಲ ರೇಖೆಗಳಿವೆ, ಆದರೆ ಹೆಚ್ಚಿನವು ಎಕ್ಸ್-ಕಿರಣದಲ್ಲಿ ತುಟಿ ಬಿಚ್ಚುತ್ತಿಲ್ಲ. ಕುಳಿ ದಟ್ಟ ಅನಿಲದ ಹೊದಿಕೆಯೊಳಗಿದೆಯೋ, ನಮ್ಮ ನೆರೆಯ ಕುಳಿಗಳು ಉಣ್ಣುವ ರೀತಿಯಲ್ಲಿ ಉಣ್ಣುತ್ತಿಲ್ಲವೋ ಎಂಬ ಜಗಳ ನಡೆಯುತ್ತಿದೆ. ಅಗಲ ರೇಖೆಯಿಂದ ತೂಕ ಕಟ್ಟುವ ಸೂತ್ರ ನೆರೆಯ ಗೆಲಾಕ್ಸಿಗಳಲ್ಲಿ ಪಳಗಿದ್ದು. ಹೊದಿಕೆಯಲ್ಲಿ ಬೆಳಕು ಚದುರಿ ರೇಖೆ ಅಗಲವಾಗಿದ್ದರೆ ಕುಳಿಯ ತೂಕ ಗಣನೀಯವಾಗಿ ಇಳಿಯುತ್ತದೆ, ಗೆಲಾಕ್ಸಿಯೊಂದಿಗಿನ ಅನುಪಾತವೂ ಅದರೊಂದಿಗೆ ಇಳಿಯುತ್ತದೆ.

ಹಾಗಾಗಿ ನಮ್ಮ ಗುಂಪಿನ ಪಟ್ಟಿಯಲ್ಲಿ ಈ ಕೆಂಪು ಚುಕ್ಕಿಗಳಿಗೆ ಕುಳಿಯ ತೂಕದ ಎರಡು ಕಾಲಂಗಳಿವೆ: ಒಂದು ಹಳೆಯ ಸೂತ್ರದ್ದು, ಇನ್ನೊಂದು ಹೊದಿಕೆ ಇದೆಯೆಂದು ಹಿಡಿದು ತೆಗೆದದ್ದು. ನಕ್ಷತ್ರಗಳ ತೂಕಕ್ಕೂ ಹಾಗೆಯೇ ಎರಡು. ಆ ಕೆಂಪು ಬೆಳಕು ನಕ್ಷತ್ರಗಳದೋ ಕುಳಿಯದೋ ಎಂಬುದೂ ತೀರ್ಮಾನವಾಗಬೇಕಿದೆ. ಅನುಪಾತದ ಗೆರೆ ಎಳೆಯಲು ಹೊರಟವರು ನಾಲ್ಕೂ ಜೋಡಣೆಗಳಲ್ಲಿ ಎಳೆದು ನೋಡಬೇಕು.